ಟವೆಲಿನ ಕೆಳಗಿನ ಮಾತು

ನಮ್ಮ ಸೋದರಮಾವ ಜೀವನದಲ್ಲಿ ಚೌಕಾಶಿ ಮಾಡದೆ ಪಡೆದದ್ದು ಒಂದೇ ಒಂದು, ಅದು ಲಕ್ವಾ! ಅದನ್ನೂ ಪೂರ್ತಿ ತೆಗೆದುಕೊಳ್ಳಲಿಲ್ಲ, ಅರ್ಧ ಮೈಗೆ ಇಳಿಸಿದರು ಎಂದು ಊರಿನವರು ಹೇಳುವುದುಂಟು.

ಮಾದನಹಿಪ್ಪರಗಾದ ಈ ಮಾವ ಎತ್ತಿನ ದಲ್ಲಾಳಿ. ಆಳಂದದ ಸಂತೆಯಿರಲಿ, ಅಫಜಲಪುರ, ಜೇವರ್ಗಿ ಕಡೆಯ ಸಂತೆಯಿರಲಿ, ಅವರ ಟವೆಲು ಬೀಳದೆ ಒಳ್ಳೆಯ ಜೋಡಿ ಮಾರಾಟವಾಗುತ್ತಿರಲಿಲ್ಲ. ಎತ್ತಿನ ವ್ಯಾಪಾರ ನೋಡದವರಿಗೆ ಹೇಳಿಬಿಡುತ್ತೇನೆ: ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಬಲಗೈ ಹಿಡಿದು ಮೇಲೆ ಟವೆಲು ಹಾಕಿಕೊಳ್ಳುತ್ತಾರೆ. ಒಳಗೆ ಬೆರಳು ಬೆರಳನ್ನು ಒತ್ತಿ ದರ ಹೇಳುತ್ತದೆ, ಹೊರಗೆ ಬಾಯಿ ‘ಆಗಂಗಿಲ್ಲ, ಆಗಂಗಿಲ್ಲ’ ಎನ್ನುತ್ತಿರುತ್ತದೆ. ಒಳಗೆ ಏನು ನಡೆಯಿತೆಂದು ಮೂರನೆಯವರು ಕೇಳುವಂತಿಲ್ಲ, ಇವರು ಹೇಳುವಂತಿಲ್ಲ. ಎಡಗೈ ಕೊಟ್ಟರಂತೂ ಜಗಳವೇ! ನಾನು ಇಂದು ಹಗ್ಗ, ಮೂಗುದಾರ, ಗೆಜ್ಜೆ ಮಾರುತ್ತ ಆಳಂದದಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆಂದರೆ, ಅದು ಆ ಟವೆಲಿನ ಪಕ್ಕದಲ್ಲಿ ನಿಂತು ಕಲಿತ ವಿದ್ಯೆ.

ಒಮ್ಮೆ ತಲೆ ಸುತ್ತುತ್ತದೆಂದು ಮಾವನನ್ನು ಡಾಕ್ಟರ ಬಳಿ ಎಳೆದೊಯ್ದೆ. ಅವರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಹುಬ್ಬೇರಿಸಿದರು.

“ಬೀಪಿ ಭಾಳ ಅದ. ಉಪ್ಪು ಕಡಿಮಿ ಮಾಡ್ರಿ, ತಂಬಾಕು ಬಿಡ್ರಿ. ಈ ಗುಳಿಗಿ ದಿನಾ ಒಂದು, ಜೀವನಪೂರ್ತಿ.”

“ಜೀವನಪೂರ್ತಿ ಆಗಂಗಿಲ್ರಿ ಸಾಹೇಬ್ರ. ದೀಪಾವಳಿ ತನಕ ಹೇಳ್ರಿ.”

“ಇದೇನ್ ಎತ್ತಿನ ವ್ಯಾಪಾರ ಅಲ್ರಿ ಯಜಮಾನ್ರ!”

“ಆತು, ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಉಪ್ಪು ಬಿಡ್ತೇನಿ, ಉಪ್ಪಿನಕಾಯಿ ಬಿಡಂಗಿಲ್ಲ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಗುಳಿಗೆ ನುಂಗಿದರು, ತಲೆಸುತ್ತು ನಿಂತಿತು. ತಲೆಸುತ್ತು ನಿಂತದ್ದೇ ತಡ, ಗುಳಿಗೆಯನ್ನೂ ನಿಲ್ಲಿಸಿದರು! ಕೇಳಿದರೆ, “ಎತ್ತಿಗಿ ಜ್ವರ ಬಿಟ್ಟ ಮ್ಯಾಲೂ ಔಷಧ ಕುಡಸ್ತಾರೇನಲೇ?” ಓದುಗರೇ, ಇಲ್ಲಿ ನನ್ನದೊಂದು ಬಿಟ್ಟಿ ಸಲಹೆ. ಬೀಪಿ ಜ್ವರವಲ್ಲ. ಗುಳಿಗೆ ಒಳಗಿರುವುದರಿಂದಲೇ ಅದು ತೆಪ್ಪಗಿರುತ್ತದೆ. ಗೂಟದ ಹೋರಿ ಸುಮ್ಮನಿದೆಯಲ್ಲ ಎಂದು ಹಗ್ಗ ಬಿಚ್ಚುತ್ತೀರಾ? ಹಗ್ಗ ಮಾರುವವನ ಮಾತು, ನಂಬಿ!

ಆ ಬೀಪಿಯ ಹೋರಿ ಬಿಚ್ಚಿಕೊಂಡದ್ದು ಸಂತೆಯ ದಿನವೇ. ಮಾವನ ಎದುರಿಗೆ ಅವರ ಊರಿನವನೇ ಆದ ದಲ್ಲಾಳಿ ಖಾಜಾಸಾಬ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳೆಯರು, ಟವೆಲಿನ ಕೆಳಗೆ ಮಾತ್ರ ವೈರಿಗಳು. ಒಂದು ಬಿಳಿ ಜೋಡಿಗೆ ಜಗ್ಗಾಟ ನಡೆದಿತ್ತು; ಮಾವ ಮಾರುವವರ ಕಡೆ, ಖಾಜಾಸಾಬ ಕೊಳ್ಳುವ ಧಣಿಯ ಕಡೆ. ಇದ್ದಕ್ಕಿದ್ದಂತೆ ಮಾವನ ಬೆರಳು ಸಡಿಲಾದವು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಮಾತು ತೊದಲಿತು. ಖಾಜಾಸಾಬ ಏನೆಂದುಕೊಂಡ ಗೊತ್ತೇ? ಹೊಸ ಪಟ್ಟು! ಕೈ ಸಡಿಲು ಬಿಟ್ಟು, ಮೋರೆ ಸೊಟ್ಟ ಮಾಡಿ, ಬ್ಯಾಡಾದವರ ಹಾಗೆ ನಟಿಸುತ್ತಿದ್ದಾರೆಂದು ತಾನೇ ದರ ಏರಿಸಿದ! ಇನ್ನೂ ಏರಿಸಿದ! ಮಾವ ಅವನ ಹೆಗಲ ಮೇಲೆ ವಾಲಿದಾಗಲೇ ಅವನು ಕೂಗಿಕೊಂಡದ್ದು.

ನಾನು ಸೊಲ್ಲಾಪುರದಿಂದ ಸರಕು ತಂದು ಬಸ್ಸಿಳಿಯುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಮಾವನನ್ನು ಸಂತೆಯಿಂದ ಮನೆಗೆ ಹೊತ್ತೊಯ್ದ ಸುದ್ದಿ ಕೇಳಿ ಮಾದನಹಿಪ್ಪರಗಾಕ್ಕೆ ಓಡಿದರೆ, ‘ಗಾಳಿ ಬಡದದ’ ಎಂದು ಯಾರೋ ಪಾರಿವಾಳದ ರಕ್ತ ತಿಕ್ಕುತ್ತಿದ್ದಾರೆ! ಮೂಗಿನ ತನಕ ಕಂಬಳಿ ಬೇರೆ. ನಾನು ಪಾರಿವಾಳವನ್ನೂ ಅದರ ಯಜಮಾನನನ್ನೂ ಹೊರಗೆ ಹಾಕಿ ಜೀಪು ತರಿಸಿದೆ. ಚಾಲಕ ಹೇಳಿದ ಬಾಡಿಗೆಗೆ ಒಮ್ಮೆಲೇ ಹೂಂ ಎಂದೆ. ನನ್ನ ಜನ್ಮದಲ್ಲಿ ಚೌಕಾಶಿ ಮಾಡದ ಬಾಡಿಗೆ ಅದೊಂದೇ! ಗುಲಬರ್ಗಾದ ಡಾಕ್ಟರು ಬೈದರು: ಮಿದುಳಿನ ರಕ್ತನಾಳ ಕಟ್ಟಿದೆ, ಕೂಡಲೇ ತರಬಾರದಿತ್ತೇ? ಓದುಗರೇ, ಬಾಯಿ ಸೊಟ್ಟಗಾಯಿತೋ, ಕೈ ಬಿತ್ತೋ, ಮಾತು ತೊದಲಿತೋ, ಮೊದಲು ಗಾಡಿ ಹಿಡಿಯಿರಿ. ಪಾರಿವಾಳ ಹಾರಿಕೊಂಡಿರಲಿ.

ಮಾವ ಉಳಿದು ಮನೆಗೆ ಬಂದರು. ಬಲಗಾಲು ಎಳೆಯುತ್ತಿತ್ತು, ಬಲಗೈ ಜೋಳದ ಚೀಲದ ಹಾಗೆ ಬಿದ್ದಿತ್ತು. ಮಾತುಗಳೆಲ್ಲ ಹೋಗಿ ಒಂದೇ ಉಳಿದಿತ್ತು. ಯಾವುದು ಹೇಳಿ? ‘ಆಗಂಗಿಲ್ಲ’! ಚಹಾ ಬೇಕೇ? ಆಗಂಗಿಲ್ಲ. ಹಾಗೆನ್ನುತ್ತಲೇ ಚಹಾದ ಕಪ್ಪನ್ನು ತೆಗೆದುಕೊಳ್ಳುವರು! ನೀರು ಕೇಳಲೂ ಅದೇ, ನಗಲೂ ಅದೇ, ಅಳಲೂ ಅದೇ. ನೋಡಲು ಬಂದವರು ಕಿವುಡನಿಗೆ ಹೇಳುವಂತೆ ಕಿವಿಯಲ್ಲಿ ಕಿರುಚಿ, ಹೊರಗೆ ಹೋಗುತ್ತ “ಪಾಪ, ತಲಿ ಹೋಗ್ಯದ” ಎನ್ನುವರು.

“ತಲಿ ಹೋಗಿದ್ರ ಉಪ್ಪಿನಕಾಯಿ ಭರಣಿ ಕಡೀಗೇ ಯಾಕ ನೋಡ್ತಾರ?” ಎಂದು ಅತ್ತೆ ರೇಗುವಳು. ರೇಗಿ, ಒಳಗೆ ಹೋಗಿ ಕಣ್ಣೊರೆಸಿಕೊಳ್ಳುವಳು.

ಕೈಗೆ ಈಗಲೇ ಕೆಲಸ ಕೊಡದಿದ್ದರೆ ಅದು ಹಾಗೇ ಉಳಿದೀತು, ಗುಳಿಗೆ ತಪ್ಪಿಸಿದರೆ ಮತ್ತೊಮ್ಮೆ ಹೊಡೆದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಗುಳಿಗೆಯನ್ನು ಅತ್ತೆ ರೊಟ್ಟಿಯ ತುಂಡಿನಲ್ಲಿ ಅಡಗಿಸಿ ಗೆದ್ದಳು. ಕೈಯದೇ ಕಷ್ಟ. ಹಿಚುಕಲು ನಾನೊಂದು ರಬ್ಬರ್ ಚೆಂಡು ತಂದು ಉದ್ದ ಉಪದೇಶ ಮಾಡಿದೆ. ಮಾವ ಅದನ್ನು ಎಡಗೈಯಿಂದ ಎತ್ತಿ ಎಸೆದರು. ಅಂಗಳದ ಎಮ್ಮೆ ಬೆಚ್ಚಿ ಅಂದಿನ ಹಾಲು ಹೋಯಿತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದವರು ಯಾರ ಮಾತಿಗೂ ಈ ಕಡೆ ಹೊರಳಲಿಲ್ಲ.

ಆಗ ಖಾಜಾಸಾಬ ಬಂದ. ಲಕ್ವಾವನ್ನು ಪಟ್ಟೆಂದುಕೊಂಡು ಹೊತ್ತು ಕಳೆದೆನಲ್ಲ ಎಂದು ಅಷ್ಟು ದಿನ ಮುಖ ತೋರಿಸಲು ಹೆದರಿದ್ದನಂತೆ.

“ಏಳ್ರಿ ದಲ್ಲಾಳ್ರ,” ಎಂದು ಹಾಸಿಗೆಯಲ್ಲೇ ಕೂತ. “ಆ ಬಿಳಿ ಜೋಡಿ ವ್ಯಾಪಾರ ಅರ್ಧಕ್ಕ ನಿಂತದ. ಧಣಿಯವ್ರು ನನ್ನ ಜೀವ ತಿನ್ನಾಕತ್ತಾರ. ಕೈ ಕೊಡ್ರಿ.”

ಟವೆಲು ಹಾಸಿದ. ಮಾವ ಹೊರಳಿದರು! ಎಡಗೈ ಮುಂದೆ ಬಂತು.

“ಎಡಗೈಲೇ ವ್ಯಾಪಾರ? ನಾನೇನ್ ನಿಮಗ ಅಷ್ಟು ಅಗ್ಗ ಆದ್ನೇನ್ರಿ?”

ಮಾವನ ಕಣ್ಣು ಕೆಂಪಾಯಿತು. ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ಟವೆಲಿನ ಕೆಳಗೆ ಅವನ ಅಂಗೈಯಲ್ಲಿಟ್ಟರು. ಅವನು ಒತ್ತಿದ. ಇವರು ಹಲ್ಲು ಕಚ್ಚಿ ಬೆವತರು. ಬೆರಳು ಅಲುಗಲಿಲ್ಲ. “ನಾಳಿ ಹೇಳ್ರಿ. ನಾ ಎಲ್ಲಿ ಹೋಗ್ತೇನಿ?” ಎಂದು ಖಾಜಾಸಾಬ ಎದ್ದ. ಮರುದಿನ ಬಂದ. ಆಚೆ ದಿನವೂ ಬಂದ. ಆ ಬಿಳಿ ಜೋಡಿ ಆಗಲೇ ಬೇರೆಯವರ ಹೊಲದಲ್ಲಿ ನೇಗಿಲು ಎಳೆಯುತ್ತಿತ್ತು. ಅದು ಮಾವನಿಗೂ ಗೊತ್ತಿತ್ತು ಎಂದೇ ನನ್ನ ಲೆಕ್ಕ.

ಜೋಳ ತೆನೆ ಕಟ್ಟುವ ಹೊತ್ತಿಗೆ ಒಂದು ಸಂಜೆ ಮಾವನ ಬಲಗೈಯ ಮೇಲಿನ ಟವೆಲು ಅಲುಗಿತು. ಖಾಜಾಸಾಬ “ಯಾ ಅಲ್ಲಾ” ಎಂದು ಎದ್ದು ನಿಂತ.

“ಏನಾತ್ರಿ?” ಅತ್ತೆ ಒಲೆ ಬಿಟ್ಟು ಓಡಿ ಬಂದಳು, ಕೈಗೆಲ್ಲ ಹಿಟ್ಟು.

“ಟಾವೆಲ್ ಕೆಳಗಿನ ಮಾತು ಹ್ಯಾಂಗ್ ಹೇಳ್ಲಿ ಭಾಬಿ?” ಎಂದವನ ಕೆನ್ನೆ ಒದ್ದೆಯಾಗಿತ್ತು.

ಮಾವ ಎಡಗೈಯಿಂದ ಅತ್ತೆಯನ್ನು ಕರೆದು ಖಾಜಾಸಾಬ ಕೂತಿದ್ದಲ್ಲಿ ಕೂರಿಸಿಕೊಂಡರು. ಆ ಹಿಟ್ಟಿನ ಕೈಯನ್ನು ಟವೆಲಿನ ಕೆಳಗೆ ಎಳೆದುಕೊಂಡರು. ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ಅವಳ ಕೈ ಮುಟ್ಟಿದ ಮನುಷ್ಯನಲ್ಲ.

“ಬಿಡ್ರಿ, ಮಂದಿ ನೋಡಾಕತ್ತಾರ,” ಎಂದಳು ಅತ್ತೆ, ತಲೆ ತಗ್ಗಿಸಿ.

“ಆಗಂಗಿಲ್ಲ,” ಎಂದರು ಮಾವ.

ಒಲೆಯ ಮೇಲೆ ರೊಟ್ಟಿ ಸೀದು ವಾಸನೆ ಬಂತು. ನಾನೂ ಖಾಜಾಸಾಬನೂ ಎಮ್ಮೆ ನೋಡುವ ನೆಪದಲ್ಲಿ ಅಂಗಳಕ್ಕೆ ಇಳಿದೆವು. ಒಳಗೆ ಏನು ಕುದುರಿತೋ, ನಾವು ಕೇಳಲಿಲ್ಲ.