ಸಂಸೆಯ ಹುಡುಗಿ ಇಂಬಳದ ಮೇಲೆ ಬರೆದದ್ದು

ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿಕೊಡುವವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಮೂಡಿಗೆರೆಯ ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಈ ಸಲ ಸಿಕ್ಕವಳು ಹಾಸ್ಟೆಲಿನಲ್ಲಿದ್ದ, ಘಟ್ಟದ ಮೇಲಿನ ಸಂಸೆ ಎಂಬ ಹಳ್ಳಿಯ ಹುಡುಗಿ.

ಬೇಡದ ಕೆಲಸ

ಮೊದಲ ದಿನ ಹುರುಪಿನಲ್ಲಿ, "ಇವತ್ತಿಂದ ನೀವೆಲ್ಲ ರೈಟರ್!" ಎಂದುಬಿಟ್ಟೆ. ಅವಳು ಗಾಬರಿಯಿಂದ ಎದ್ದು ನಿಂತಳು.

"ನಂಗೆ ಬೇಡ ಮೇಡಂ. ನಮ್ಮಪ್ಪ ಎಸ್ಟೇಟಲ್ಲಿ ರೈಟರ್ರೇ. ಬೆಳಗಾದ್ರೆ ಆಳುಗಳ ಹಾಜರಿ ಹಾಕೋದು. ಅದಕ್ಕೆ ಡಿಗ್ರಿ ಯಾಕೆ?"

"ಆ ರೈಟರ್ ಅಲ್ಲ ಮಾರಾಯ್ತಿ. ಸ್ವಂತ ಯೋಚ್ನೆ ಮಾಡಿ ಬರೆಯೋರು."

"ಅಯ್ಯೋ, ಅದಕ್ಕಿಂತ ಹಾಜರಿಯೇ ವಾಸಿ!"

ಮುಗ್ಧ ಜನ

'ನಮ್ಮೂರು' ಎಂಬ ಪ್ರಬಂಧ ಕೊಟ್ಟೆ. ಇವಳದನ್ನು ತೆರೆದರೆ, 'ಸಂಸೆಗೆ ಬರುವವರು ಕೋಣೆಯನ್ನು ಮುಂಚಿತವಾಗಿ ಕಾದಿರಿಸಿ. ಸ್ಥಳೀಯರು ಬಹಳ ಮುಗ್ಧರು' ಎಂದಿತ್ತು. ಮೊಬೈಲಿನಿಂದ ಇಳಿಸಿದ್ದು!

"ಈ ಸ್ಥಳೀಯರು ಯಾರಮ್ಮ?"

"ನಾವೇ ಮೇಡಂ."

"ಮುಗ್ಧರಾ?"

ತುಸು ಯೋಚಿಸಿದಳು. "ನಮ್ಮ ದೊಡ್ಡಪ್ಪ ಅಂತೂ ಅಲ್ಲ."

"ಹಾಗಾದ್ರೆ ನಿಂಗೆ ಗೊತ್ತಿರೋದನ್ನ ಬರಿ."

"ನಮಗೆ ಗೊತ್ತಿರೋದನ್ನೆಲ್ಲ ಯಾರು ಓದ್ತಾರೆ ಮೇಡಂ?" ಎಂದಳು. ನನಗೆ ನಗು ಬರಲಿಲ್ಲ. ಈ ಮಾತನ್ನು ಅವಳ ತಲೆಯಿಂದ ತೆಗೆಯದಿದ್ದರೆ ನಾನು ಪಾಠ ಮಾಡಿದ್ದೇ ದಂಡ ಅನ್ನಿಸಿತು.

ಆಧಾರ

ಮೂರು ಸಲ ವಾಪಸು ಕೊಟ್ಟ ಮೇಲೆ, ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳದ ಮೇಲೆ ಬರೆದು ತಂದಳು. ಕಾಲಿಗೆ ಹತ್ತದಂತೆ ಅಜ್ಜಿ ಏನು ಹಚ್ಚುತ್ತಾರೆ, ಯಾಕೆ ಹಚ್ಚುತ್ತಾರೆ, ಎಲ್ಲ ಇತ್ತು. ಓದಿ ಖುಷಿಯಾಯಿತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಆಧಾರ ಕೊಡಿ' ಎಂದು ಬರೆದೆ.

ಸೋಮವಾರ ಪ್ರಬಂಧದ ಹಿಂದೆ ಅಜ್ಜಿಯ ಆಧಾರ್ ಕಾರ್ಡಿನ ಜೆರಾಕ್ಸ್ ಪಿನ್ ಮಾಡಿತ್ತು. ಎರಡೂ ಬದಿ, ಕೆಳಗೆ ಅಜ್ಜಿ ಒತ್ತಿದ ಹೆಬ್ಬೆಟ್ಟಿನ ಗುರುತಿನ ಸಮೇತ.

ಪ್ರಶ್ನೋತ್ತರ

ಆ ಪ್ರಬಂಧವನ್ನೇ ತಿದ್ದಿಸಿ ಚಿಕ್ಕಮಗಳೂರಿನ ವಿಚಾರ ಸಂಕಿರಣಕ್ಕೆ ಕರೆದೊಯ್ದೆ. ಬಸ್ಸಿನಲ್ಲಿ ದಾರಿಯಿಡೀ "ನಾನು ಓದಲ್ಲ ಮೇಡಂ" ಎನ್ನುತ್ತಲೇ ಇದ್ದಳು. ಕೊನೆಗೂ ಓದಿದಳು. ಮುಗಿದದ್ದೇ ಮುಂದಿನ ಸಾಲಿನ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದರು.

"ಇಂಬಳಕ್ಕೆ ಉಪ್ಪೇ ಮದ್ದು ಅಂತ ಪುಸ್ತಕದಲ್ಲಿದೆಯಲ್ಲಮ್ಮ?"

"ಉಪ್ಪು ಮಳೇಲಿ ತೊಳೆದು ಹೋಗ್ತದೆ ಸಾರ್. ಸುಣ್ಣ, ಹೊಗೆಸೊಪ್ಪು ಎಣ್ಣೇಲಿ ಕಲಸಿ ಹಚ್ಚಿದ್ರೆ ನಿಲ್ತದೆ. ಪುಸ್ತಕ ಬರೆದವ್ರಿಗೆ ಇಂಬಳ ಕಚ್ಚಿಲ್ಲ ಕಾಣ್ತದೆ."

"ಆ ಪುಸ್ತಕ ಬರೆದದ್ದು ನಾನೇ."

ಸಭೆಯೆಲ್ಲ ಅವಳತ್ತ ತಿರುಗಿತು. ಹುಡುಗಿ ಕಾಗದ ಮಡಿಸಿದಳು. ಈಗ ಅಳುತ್ತಾಳೆ ಅಂದುಕೊಂಡೆ.

"ಹೌದಾ ಸಾರ್?" ಎಂದಳು, ಮುಖ ಅರಳಿಸಿ. "ಹಾಗಾದ್ರೆ ಮುಂದಿನ ಮುದ್ರಣದಲ್ಲಿ ಸರಿ ಮಾಡಿಬಿಡಿ. ನನ್ನ ಹೆಸರು ಹಾಕಿದ್ರೆ ಸಾಕು, ಆಧಾರಕ್ಕೆ."