ಕರಗಿಹೋದ ಕೊಬ್ಬು

ವಾರದಿಂದ ಹಾಕದಿದ್ದ ನೀಲಿ ಪ್ಯಾಂಟು ಬೆಳಗ್ಗೆ ಸೊಂಟದಲ್ಲಿ ನಿಲ್ಲದೆ ಮೊಣಕಾಲಿಗೆ ಜಾರಿದಾಗ ತಕ್ಕಡಿಯಣ್ಣನ ಎದೆ ಝಲ್ಲೆಂದಿತು.

ಅಂಚೆ ಕಚೇರಿಯಲ್ಲಿ ಪಾರ್ಸಲ್ ತೂಗುವ ಈ ಗುಮಾಸ್ತನಿಗೆ ಜೊತೆಯವರು ಇಟ್ಟ ಹೆಸರು ಅದು. ಎರಡು ವರ್ಷದಿಂದ ಅವನ ಹೃದಯಕ್ಕೆ ಸುಸ್ತು. "ಹೊಟ್ಟೆ ಇದೆ ಅಂತ ನಾಚ್ಕೋಬೇಡಿ," ಎಂದಿದ್ದರು ಡಾಕ್ಟರು. "ಈ ಕಾಯಿಲೇಲಿ ಕೊಬ್ಬು ತಾನಾಗೇ ಕರಗೋಕೆ ಶುರುವಾದ್ರೆ ಒಳ್ಳೆ ಲಕ್ಷಣ ಅಲ್ಲ. ತೂಕ ದಿಢೀರಂತ ಏರಿದ್ರೆ ಮೈಯಲ್ಲಿ ನೀರು ತುಂಬ್ತಿದೆ ಅಂತ. ಎರಡಕ್ಕೂ ಓಡಿ ಬನ್ನಿ. ದಿನಾ ತೂಕ ನೋಡಿ." ಊರಿನ ಗಂಟುಮೂಟೆಯನ್ನೆಲ್ಲ ತೂಗುವ ಮಹಾಶಯ, ಮುಳ್ಳು ಏನು ತೋರಿಸುತ್ತದೋ ಎಂಬ ಹೆದರಿಕೆಯಿಂದ ಹತ್ತು ದಿನದಿಂದ ತಾನು ಮಾತ್ರ ತಕ್ಕಡಿ ಹತ್ತಿರಲಿಲ್ಲ.

ಹೆಂಡತಿ ಗಿರಾಕಿಗಳಿಗೆ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು. ಅವನು ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದೇ ಕಚೇರಿ ತಲುಪಿದ.

"ಯಾಕಣ್ಣ, ಸೊಂಟ ಉಳುಕ್ತಾ?" ಕೇಳಿದಳು ಸ್ಟಾಂಪು ಮಾರುವ ಅಕ್ಕ.

"ಕೊಬ್ಬು ಹೋಯ್ತಕ್ಕ."

"ಅಯ್ಯೋ ಪುಣ್ಯಾತ್ಮ! ಆರು ತಿಂಗಳಿಂದ ಓಡ್ತಿದ್ದೀನಿ, ನನಗೆ ಒಂದು ಬೆರಳಷ್ಟೂ ಕರಗಿಲ್ಲ. ಏನು ತಿಂದೆ, ಹೇಳು!"

ಡಾಕ್ಟರ ಮಾತು ಹೇಳಿದ. ಅಕ್ಕನ ಮುಖ ಬಿಳಿಚಿತು. ಪೋಸ್ಟ್‌ಮಾಸ್ಟರು ಬಂದರು, ಪೋಸ್ಟ್‌ಮ್ಯಾನ್‌ಗಳು ಬಂದರು. ಬೇಡ ಬೇಡ ಎಂದರೂ ಬಿಡದೆ ಮೂಟೆ ತೂಗುವ ದೊಡ್ಡ ತಕ್ಕಡಿಗೆ ಹತ್ತಿಸಿದರು.

ತೊಂಬತ್ತೊಂದು. ಹತ್ತು ದಿನದ ಹಿಂದೆ ಎಂಬತ್ತೇಳಿತ್ತು.

"ಜಾಸ್ತಿಯಾಗಿದೆಯಲ್ಲೋ! ಮತ್ತೆ ಪ್ಯಾಂಟ್ ಯಾಕೆ ಜಾರ್ತಿದೆ?" ಎಂದ ಒಬ್ಬ ಪೋಸ್ಟ್‌ಮ್ಯಾನ್.

ಪೋಸ್ಟ್‌ಮಾಸ್ಟರು ವಿಳಾಸವಿಲ್ಲದ ಲಕೋಟೆ ನೋಡಿದಂತೆ ಅವನನ್ನು ನೋಡಿದರು. "ಕೊಬ್ಬು ಖಾಲಿಯಾಗಿ ಆ ಜಾಗಕ್ಕೆ ನೀರು ನುಗ್ಗಿದೆ. ಎರಡೂ ಒಟ್ಟಿಗೇ!"

"ಹೆದರಿಸ್ಬೇಡಿ ಸಾರ್," ಎನ್ನುತ್ತಲೇ ಅಕ್ಕ ಅಳತೊಡಗಿದಳು.

ಅವನನ್ನು ಪಾರ್ಸಲ್ ವ್ಯಾನಿನಲ್ಲೇ ಆಸ್ಪತ್ರೆಗೆ ಸಾಗಿಸಿದರು. 'ಒಡೆಯುವ ವಸ್ತು, ಜೋಪಾನ' ಎಂದು ಬರೆದ ಪೆಟ್ಟಿಗೆಗಳ ನಡುವೆ ಮಲಗಿ, ಮಗಳ ಪರೀಕ್ಷೆ ಮುಗಿಯುವವರೆಗಾದರೂ ಬದುಕಿಸಪ್ಪಾ ಎಂದು ಬೇಡಿಕೊಂಡ. ನಿಜಕ್ಕೂ ಸಾಯುತ್ತೇನೆ ಎಂದೇ ಅವನಿಗೆ ಅನಿಸಿತ್ತು.

ಕಚೇರಿಯವರು ಫೋನು ಮಾಡಿ ತೂಕದ ಸುದ್ದಿ ಹೇಳಿದ್ದರಿಂದ ಹೆಂಡತಿ ಅವನಿಗಿಂತ ಮೊದಲೇ ಡಾಕ್ಟರ ಕೋಣೆಯಲ್ಲಿದ್ದಳು. ಪ್ಯಾಂಟು ನೋಡಿದ್ದೇ ತಲೆ ಚಚ್ಚಿಕೊಂಡಳು. "ರೀ, ಅದರ ಸೊಂಟ ಬಿಡಿಸಿ ಪಟ್ಟಿ ಹಾಕಿದ್ದು ನಾನೇ ರೀ! ಸ್ವಲ್ಪ ಹೆಚ್ಚೇ ಬಿಟ್ಟುಬಿಟ್ಟೆ."

ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನನ್ನ ಕೊಬ್ಬು ಎಲ್ಲೂ ಹೋಗಿಲ್ಲ!" ಎಂದು ತಕ್ಕಡಿಯಣ್ಣ ಗಹಗಹಿಸಿ ನಕ್ಕ. ಕರೆತಂದ ಪೋಸ್ಟ್‌ಮ್ಯಾನೂ ನಕ್ಕ, ನರ್ಸೂ ನಕ್ಕಳು.

ಡಾಕ್ಟರು ನಗಲಿಲ್ಲ. "ಯಾಕಮ್ಮ ಬಿಡಿಸಿದ್ರಿ?"

"ನಾಲ್ಕು ದಿನದಿಂದ ಕಂದು ಪ್ಯಾಂಟಿನ ಗುಂಡಿ ಹಾಕೋಕೇ ಆಗ್ತಿರಲಿಲ್ಲ. ಒಗೆದು ಕುಗ್ಗಿಸಿದ್ದೀಯ ಅಂತ ನನ್ನ ಬೈತಿದ್ರು. ಇದಾದ್ರೂ ಹಿಡಿಸ್ಲಿ ಅಂತ..."

ಡಾಕ್ಟರು ಬಗ್ಗಿ, ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. "ಕೊಬ್ಬು ಕ್ಷೇಮವಾಗಿದೆ. ಒತ್ತಿದ ಕಡೆ ಗುಳಿ ಬಿತ್ತು ನೋಡಿ, ಈ ನಾಲ್ಕು ಕಿಲೋ ಬರೀ ನೀರು. ಪ್ಯಾಂಟಿನ ಗುಂಡಿ ಹಾಕೋಕಾಗದ ದಿನವೇ ಬರಬೇಕಿತ್ತು. ಇವತ್ತು ಮನೆಗೆ ಹೋಗೋ ಹಾಗಿಲ್ಲ."

ಹಗ್ಗವನ್ನು ಹಾವೆಂದು ಹೆದರಿ ಓಡಿ ಬಂದವನು ದಾರಿಯಲ್ಲಿ ನಿಜವಾದ ಹಾವನ್ನೇ ತುಳಿದಿದ್ದ. ಡಾಕ್ಟರ ಹೆಬ್ಬೆರಳು ಕಾಲಲ್ಲಿ ಬಿಟ್ಟುಹೋದ ಗುಳಿ ಈಗ ತುಂಬಬಹುದು, ಈಗ ತುಂಬಬಹುದು ಎಂದು ಗಂಡ ಹೆಂಡತಿ ನೋಡುತ್ತಾ ಕುಳಿತರು. ಅದು ತುಂಬಲಿಲ್ಲ.