ಸಹಿ ಮಾಡಿ ತಂದ ಎಲುಬು

ಮಗನ ಧೋತರ ಒಗೆಯಬೇಕೆಂದು ಶಿವವ್ವ ಟ್ರಂಕಿಗೆ ಕೈ ಹಾಕಿದ್ದೇ ತಪ್ಪಾಯಿತು. ಪುಣೆಯಿಂದ ಬಂದು ನಾಲ್ಕು ದಿನವಾದರೂ ಮಗ ಮುರಿಗೆಪ್ಪ ಆ ಟ್ರಂಕನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಕೊಳೆ ಅರಿವೆ ತುಂಬಿಟ್ಟಿದ್ದಾನೆ, ತೋರಿಸಲು ನಾಚಿಕೆ ಇರಬೇಕು ಎಂದುಕೊಂಡು, ಅವನು ಹೊಳೆಗೆ ಜಳಕಕ್ಕೆ ಹೋದ ಹೊತ್ತು ನೋಡಿ ಅವಳು ಮುಚ್ಚಳ ಎತ್ತಿದಳು. ಮೇಲೊಂದು ಹಳೆಯ ಪಂಚೆ ಇತ್ತು. ಅದನ್ನು ಎಳೆದಳು. ಕೆಳಗಿನಿಂದ ಒಂದು ತಲೆಬುರುಡೆ ಅವಳನ್ನೇ ನೋಡುತ್ತಿತ್ತು.

ಶಿವವ್ವ ಕೂಗಲಿಲ್ಲ. ಕೂಗಲು ದನಿ ಬೇಕಲ್ಲ. ದನಿ ಬಂದದ್ದು ಬಾಜೂ ಮನೆಯ ಕಲ್ಲಪ್ಪನ ಕಟ್ಟೆ ಮುಟ್ಟಿದ ಮೇಲೆ. ಬಂದದ್ದು ಮಾತ್ರ ಘೋಡಗೇರಿ ಊರಿಗೆಲ್ಲ ಸಾಕಾಗುವಷ್ಟು ಬಂತು.

ಮುರಿಗೆಪ್ಪ ಒದ್ದೆ ಪಂಚೆ ಹಿಂಡುತ್ತ ಮರಳಿದಾಗ ಅಂಗಳ ತುಂಬ ಜನ. ನಡುವೆ ಅವನ ಟ್ರಂಕು. ದೆವ್ವ ಹೊರಬೀಳದಂತೆ ಸುತ್ತ ಬೇವಿನ ಸೊಪ್ಪು, ಮೇಲೊಂದು ಕುಡುಗೋಲು. ಅದರ ಮುಂದೆ ಕಲ್ಲಪ್ಪ ಕೈಕಟ್ಟಿ ನಿಂತಿದ್ದ. ಊರಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಕಡಿಮೆಯಾದರೂ ಮೊದಲು ತಿಳಿಯುತ್ತಿದ್ದದ್ದು ಈ ಕಲ್ಲಪ್ಪನಿಗೆ. ಮೂವತ್ತಾರನೆಯ ಇಸವಿಯ ಆ ಬೇಸಿಗೆಯಲ್ಲಿ ಅವನಿಗೆ ಇದಕ್ಕಿಂತ ದೊಡ್ಡ ಕೆಲಸ ಸಿಕ್ಕಿರಲಿಲ್ಲ.

"ಯಾರೋ ಇಂವ?" ಕಲ್ಲಪ್ಪ ಟ್ರಂಕಿನ ಕಡೆ ಗದ್ದ ತೋರಿಸಿ ಕೇಳಿದ.

"ಯಾರೂ ಅಲ್ಲ ಕಾಕಾ. ಕಾಲೇಜಿನ ಎಲುಬು. ಡಾಕ್ಟರಿ ಕಲ್ಯಾಕ ಬೇಕಾಗ್ತಾವ. ಪುಸ್ತಕ ಇದ್ದಂಗ ತಿಳಕೋರಿ."

"ಪುಸ್ತಕಕ್ಕ ಹಲ್ಲ ಇರ್ತಾವೇನೋ?"

ಮುರಿಗೆಪ್ಪ ತಿಳಿಸಿ ಹೇಳಿದ. ಎಲುಬಿನ ಪರೀಕ್ಷೆಯಲ್ಲಿ ಅವನು ಎರಡು ಸಲ ನಪಾಸಾಗಿದ್ದಾನೆ. ನಾಳೆ ಸೋಮವಾರ ಹನ್ನೊಂದಕ್ಕೆ ಮೂರನೆಯ ಸಲ, ಅದೇ ಕೊನೆಯದು. ಆಮೇಲೆ ಹೆಸರು ಹೊಡೆದುಹಾಕುತ್ತಾರೆ. ಕಾಲೇಜಿನ ವಹಿಯಲ್ಲಿ ಸಹಿ ಮಾಡಿ ಈ ಎಲುಬು ತಂದಿದ್ದಾನೆ. ಒಂದೂ ಕಡಿಮೆಯಾಗದಂತೆ ತಿರುಗಿ ಒಪ್ಪಿಸದಿದ್ದರೆ ಪರೀಕ್ಷೆಯ ಕೋಣೆಗೆ ಬಿಡುವುದೇ ಇಲ್ಲ. ಇವತ್ತು ಸಂಜೆ ಘಟಪ್ರಭಾ ಸ್ಟೇಶನ್ನಿನಲ್ಲಿ ಪುಣೆಯ ಗಾಡಿ ಹತ್ತಬೇಕು.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಅವನು ಬದುಕುತ್ತಿದ್ದ. ಆದರೆ ಕಲ್ಲಪ್ಪ, "ಗಂಡಸೋ ಹೆಂಗಸೋ, ಅದನ್ನರೆ ಹೇಳು" ಎಂದ. ಪುಣೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಮುರಿಗೆಪ್ಪನ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಇಲ್ಲಿ ಇಡೀ ಊರು ಬಾಯಿ ತೆರೆದು ನಿಂತಿದೆ. ಅವನಿಗೆ ಉಬ್ಬು ಬಂತು. ಬುರುಡೆಯನ್ನು ಕೈಗೆತ್ತಿಕೊಂಡ.

"ಗಂಡಸು. ಹುಬ್ಬಿನ ಎಲುಬು ನೋಡ್ರಿ, ಎಷ್ಟ ದಪ್ಪ ಐತಿ. ವಯಸ್ಸು ನಲವತ್ತರ ಆಸುಪಾಸು." ಜನ ಒಂದು ಹೆಜ್ಜೆ ಹಿಂದೆ ಸರಿದರು. ಅವನಿಗೆ ಅದು ಗೌರವವೆಂದೇ ಕಂಡಿತು. "ಆಳು ಎತ್ತರ. ಮುಂದಿನ ಹಲ್ಲೊಂದು ಜೀವಂತ ಇದ್ದಾಗನ ಬಿದ್ದೈತಿ, ಕುಣಿ ಮುಚ್ಚಿಕೊಂಡೈತಿ." ಮತ್ತೊಂದು ಹೆಜ್ಜೆ. ಅವನು ಕಾಲಿನ ಎಲುಬು ತೆಗೆದ. "ಬಲಗಾಲು, ಮೊಣಕಾಲ ಕೆಳಗ ಮುರದೈತಿ. ಯಾರೋ ಸೊಟ್ಟ ಕೂಡಿಸ್ಯಾರ. ಈ ಮನಷ್ಯಾ ಕುಂಟತಿದ್ದ."

ಯಾರೂ ಎಲುಬನ್ನು ನೋಡುತ್ತಿರಲಿಲ್ಲ, ಮುರಿಗೆಪ್ಪನನ್ನೂ ನೋಡುತ್ತಿರಲಿಲ್ಲ. ಅವನ ಬೆನ್ನ ಹಿಂದೆ ನೋಡುತ್ತಿದ್ದರು. ಅವನು ತಿರುಗಿದ. ಅಲ್ಲಿ ಚನ್ನವ್ವ ನಿಂತಿದ್ದಳು.

ಚನ್ನವ್ವನ ಗಂಡ ಸೋಮಪ್ಪ ಹದಿನಾರು ವರ್ಷದ ಹಿಂದೆ ಒಂದು ಮುಂಜಾನೆ ಹೆಂಡತಿಯ ಮೇಲೆ ಸಿಟ್ಟಾಗಿ ಮುಂಬಯಿಯ ಗಿರಣಿಗೆ ಹೋಗುತ್ತೇನೆಂದು ಎದ್ದು ಹೋದವನು. ಕಾಗದವಿಲ್ಲ, ಸುದ್ದಿಯಿಲ್ಲ. ಎತ್ತರದ ಆಳು. ಎತ್ತು ಹಾಯ್ದು ಮುಂದಿನ ಹಲ್ಲು ಹೋಗಿತ್ತು. ಬಾವಿಗೆ ಬಿದ್ದು ಬಲಗಾಲು ಮುರಿದು, ಹುಕ್ಕೇರಿಯಲ್ಲಿ ಎಲುಬು ಕೂಡಿಸುವವನೊಬ್ಬ ಅದನ್ನು ಸೊಟ್ಟಗೆ ಕಟ್ಟಿದ್ದ. ಇದು ಊರಿಗೆಲ್ಲ ಗೊತ್ತು. ಸೋಮಪ್ಪ ಹೋದಾಗ ಮುರಿಗೆಪ್ಪನಿಗೆ ನಾಲ್ಕೇ ವರ್ಷ, ಅವನೊಬ್ಬನಿಗೆ ಗೊತ್ತಿರಲಿಲ್ಲ.

ಚನ್ನವ್ವ ಬಂದು ನೆಲಕ್ಕೆ ಕೂತಳು. ಬುರುಡೆಯನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಮೆಲ್ಲಗೆ ಒರೆಸಿದಳು. "ಬರಾಕ ಇಷ್ಟ ವರ್ಷ ಹಿಡದ್ರಿ?" ಎಂದು ಅದನ್ನೇ ಕೇಳಿದಳು. ಉತ್ತರ ಬಂದೀತೇನೋ ಎಂಬಂತೆ ಎಲ್ಲರೂ ಒಂದು ಗಳಿಗೆ ಕಾದರು. ಮುರಿಗೆಪ್ಪನೂ ಕಾದ.

"ಕಾಕು, ಕಾಲು ಮುರದಾವ್ರು ಸಾವಿರ ಮಂದಿ ಇರ್ತಾರ" ಎಂದ ಮುರಿಗೆಪ್ಪ.

"ಇರ್ತಾರ" ಎಂದ ಕಲ್ಲಪ್ಪ. "ಸಾವಿರದಾಗ ಘೋಡಗೇರಿ ಹುಡುಕ್ಕೊಂಡು ಬಂದಾಂವ ಇವನೊಬ್ಬನ."

ಟ್ರಂಕಿನೊಳಗೆ ಇಣುಕಿದ ಯಾರೋ, ಕೈಯೊಂದೇ ಇದೆ, ಕಾಲೂ ಒಂದೇ ಇದೆ, ಉಳಿದವೆಲ್ಲಿ ಎಂದರು. ಅರ್ಧರ್ಧ ಹಂಚಿ ಕೊಡುತ್ತಾರೆ, ಎಡಗೈ ಎಡಗಾಲು ಸಾತಾರದ ಹುಡುಗನೊಬ್ಬ ಒಯ್ದಿದ್ದಾನೆ ಎಂದು ಮುರಿಗೆಪ್ಪ ಖರೆ ಹೇಳಿದ. ಹೆಂಗಸರು ಗೊಳೋ ಎಂದು ಅತ್ತರು.

ಮಠದಿಂದ ಅಯ್ಯಾರು ಬಂದರು. ಲಿಂಗವಂತನ ದೇಹ ಟ್ರಂಕಿನಲ್ಲಿ ತಿರುಗುವುದೆಂದರೆ ಊರಿಗೆ ಒಳ್ಳೆಯದಲ್ಲ, ಇವತ್ತೇ ಮಣ್ಣು ಕೊಡಬೇಕು ಎಂದರು. ಲಿಂಗವಂತರನ್ನು ಕೂಡ್ರಿಸಿ ಮಣ್ಣು ಮಾಡುವ ಪದ್ಧತಿ. ಬಿಡಿ ಎಲುಬನ್ನು ಕೂಡ್ರಿಸುವುದು ಹೇಗೆ? ಎಲ್ಲರ ಕಣ್ಣೂ ಡಾಕ್ಟರನ ಮೇಲೆ ಬಿದ್ದವು.

ಹೀಗಾಗಿ ಸುಡುಬಿಸಿಲಲ್ಲಿ, ಸಮಾಧಿಯ ಕುಣಿಯೊಳಗೆ ಇಳಿದು, ಬೆನ್ನ ಮಣಿಗಳನ್ನು ಒಂದರ ಮೇಲೊಂದು ಪೋಣಿಸಿ, ಸೊಂಟದ ಮೇಲೆ ನಿಲ್ಲಿಸಿ, ಪಕ್ಕೆಲುಬು ಎಣಿಸಿ ಕಟ್ಟುವ ಕೆಲಸ ಮುರಿಗೆಪ್ಪನಿಗೇ ಬಂತು. ಮೇಲಿಂದ ಕಲ್ಲಪ್ಪ ಪ್ರತಿಯೊಂದಕ್ಕೂ "ಇದೇನು? ಇದರ ಕೆಲಸೇನು? ಇದು ಬಲದೋ ಎಡದೋ?" ಎಂದು ಕೇಳುತ್ತಿದ್ದ. ಮುರಿಗೆಪ್ಪ ಒಂದೂ ತಪ್ಪದೆ ಹೇಳಿದ. ಪುಣೆಯಲ್ಲಿ ಹೀಗೆ ಹೇಳಿದ್ದರೆ ಎರಡು ವರ್ಷದ ಹಿಂದೆಯೇ ಪಾಸಾಗುತ್ತಿದ್ದ. ಅಯ್ಯಾರು ವಿಭೂತಿ ಹಚ್ಚಿ, ಆ ಒಂದು ಕೈಯಲ್ಲಿ ಲಿಂಗವಿರಿಸಿ, ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು. ಪತ್ರಿ ಬಿದ್ದವು, ಮಣ್ಣು ಬಿತ್ತು.

"ಯವ್ವಾ, ನನ್ನ ಪರೀಕ್ಷಾ ಹೋತಲ್ಲ" ಎಂದು ಅವನು ತಾಯಿಯ ಹತ್ತಿರ ಅಳುಮೋರೆ ಮಾಡಿದ.

"ಪರೀಕ್ಷಾ ಮತ್ತ ಬರ್ತೈತಿ. ಸತ್ತಾಂವ ಮತ್ತ ಬರ್ತಾನೇನು?" ಎಂದಳು ಶಿವವ್ವ.

ಮಟಮಟ ಮಧ್ಯಾಹ್ನ. ಊರು ಉಂಡು ಮಲಗಿತ್ತು. ಸ್ಟೇಶನ್ನಿಗೆ ಹೋಗುವ ಚಕ್ಕಡಿ ಮೂರು ಗಂಟೆಗೆ. ಮುರಿಗೆಪ್ಪ ಖಾಲಿ ಟ್ರಂಕು ಹೆಗಲ ಮೇಲಿಟ್ಟು, ಗುದ್ದಲಿ ಹಿಡಿದು ಸ್ಮಶಾನದ ದಾರಿ ಹಿಡಿದ. ಪಾಪವೆಂದು ಅವನಿಗೂ ಗೊತ್ತಿತ್ತು, ಹೆದರಿಕೆಯೂ ಇತ್ತು. ಆದರೆ ಡಾಕ್ಟರನಾಗದೆ ಊರಿಗೆ ಮರಳಿ ಕಲ್ಲಪ್ಪನ ಕಣ್ಣೆದುರು ಬಾಳುವುದು ಅದಕ್ಕಿಂತ ಹೆಚ್ಚು ಹೆದರಿಕೆಯ ಮಾತು. ಬಿಸಿಲಿಗೆ ನೆಲದ ಮೇಲಿನ ಗಾಳಿ ನೀರಿನಂತೆ ನಡುಗುತ್ತಿತ್ತು. ಜಾಲಿಯ ಎಲೆ ಅಲುಗುತ್ತಿರಲಿಲ್ಲ. ಎರಡು ಗೇಣು ಅಗೆದಿರಬೇಕು, ಹಿಂದೆ ಸಪ್ಪಳ ಕೇಳಿತು. ಒಂದು ಹೆಜ್ಜೆ ಊರುವ ಸಪ್ಪಳ, ಇನ್ನೊಂದು ಎಳೆಯುವ ಸಪ್ಪಳ. ಊರುವುದು, ಎಳೆಯುವುದು. ಕುಣಿಯ ಮೇಲೆ ನೆರಳೊಂದು ಬಿದ್ದು ನಿಂತಿತು.

"ಯಾರ ಸಮಾಧಿ ಅಗಿಯಾಕತ್ತಿ ತಮ್ಮಾ?"

ತಲೆ ಎತ್ತಲು ಮುರಿಗೆಪ್ಪನಿಗೆ ಧೈರ್ಯವಾಗಲಿಲ್ಲ. "ಸೋಮಪ್ಪಂದು" ಎಂದ.

"ಯಾವ ಸೋಮಪ್ಪ?"

"ಚನ್ನವ್ವನ ಗಂಡ."

"ಯಾವಾಗ ಸತ್ತ?"

"ಸತ್ತಿದ್ದು ಗೊತ್ತಿಲ್ಲ. ಮಣ್ಣ ಕೊಟ್ಟಿದ್ದು ಇವತ್ತ."

ಬಂದವನು ಮಣ್ಣಿನ ದಿಬ್ಬದ ಮೇಲೆ ಕುಸಿದು ಕೂತ. "ನನಗ ಯಾರೂ ತಿಳಿಸೇ ಇಲ್ಲ" ಎಂದ.

ಆಗ ಮುರಿಗೆಪ್ಪ ನೋಡಿದ. ಎತ್ತರದ ಆಳು. ಬಲಗಾಲು ಸೊಟ್ಟ. ಬಾಯಿ ತೆರೆದಾಗ ಮುಂದೊಂದು ಹಲ್ಲಿಲ್ಲ. ಬುರುಡೆ ನೋಡಿ ತಾನು ನಾಲ್ಕು ದಿನ ಕೂತು ಚಿತ್ರ ಬರೆದ ಅದೇ ಜಾಗ. ತಾನು ಬೆಳಿಗ್ಗೆ ಒಂದೊಂದೇ ಹೇಳಿದ್ದಕ್ಕೆಲ್ಲ ಮಾಂಸ ಬೆಳೆದು ಎದ್ದು ಬಂದಂತೆ ಕಂಡು ಅವನ ಕೈಯಿಂದ ಗುದ್ದಲಿ ಬಿತ್ತು. ಬೇರೇನೂ ತೋಚದೆ, ಕಲಿತ ಅಭ್ಯಾಸಕ್ಕೆ, ಬಂದವನ ಮುಂಗೈ ಹಿಡಿದು ನಾಡಿ ನೋಡಿದ. ನಾಡಿ ಬಡಿಯುತ್ತಿತ್ತು, ತನ್ನದಕ್ಕಿಂತ ನಿಧಾನವಾಗಿ. ಗಿರಣಿಯ ಅರಳೆ ಎದೆಯಲ್ಲಿ ತುಂಬಿ, ಕೆಮ್ಮು ಹತ್ತಿ, ಕೆಲಸ ಬಿಡಿಸಿ ಕಳಿಸಿದರೆಂದು ಆ ಮನುಷ್ಯ ಹೇಳಿದ. ನಡುನಡುವೆ ಕೆಮ್ಮಿದ. ಜೀವಂತ ಸೋಮಪ್ಪ.

ಮುರಿಗೆಪ್ಪನಿಗೆ ಕುಣಿದಾಡುವಷ್ಟು ಸಂತೋಷವಾಯಿತು. ಸೋಮಪ್ಪ ಬದುಕಿದ್ದಾನೆಂದ ಮೇಲೆ ಕುಣಿಯಲ್ಲಿರುವುದು ಕಾಲೇಜಿನದೇ. ಅವನನ್ನು ಎಳೆದುಕೊಂಡೇ ಹೋಗಿ ಚನ್ನವ್ವನ ಬಾಗಿಲ ಮುಂದೆ ನಿಲ್ಲಿಸಿ ಊರನ್ನು ಎಬ್ಬಿಸಿದ.

ಊರು ಬಂತು, ದೂರದಲ್ಲೇ ನಿಂತಿತು. ಯಾರೂ ಸೋಮಪ್ಪನಿಗೆ ನೀರು ಬೇಕೇ ಎನ್ನಲಿಲ್ಲ. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಕಲ್ಲಪ್ಪ ಮಾತ್ರ ಹತ್ತಿರ ಬಂದು ಅವನ ನೆರಳು ಇದೆಯೋ ಇಲ್ಲವೋ ನೋಡಿ, ಅಯ್ಯಾರ ಕಿವಿಯಲ್ಲಿ ಏನೋ ಹೇಳಿದ.

"ಸೋಮಪ್ಪ ಹೌದಂತನ ಇಟಕೋರಿ" ಎಂದ ಆಮೇಲೆ. "ಹಂಗಾರ ನಾವು ಮಣ್ಣ ಕೊಟ್ಟಾಂವ ಯಾರು? ಹುಕ್ಕೇರಿ ಫೌಜದಾರ ಬಂದು ಯಾರ ಹೆಣಾ ಹುಗದೀರಿ ಅಂದ್ರ ಏನ ಹೇಳೂನು?"

"ಕುಣಿ ತಗೀರಿ, ನಾ ಒಯ್ತೇನಿ" ಎಂದ ಮುರಿಗೆಪ್ಪ.

ಅಯ್ಯಾರು ತಲೆ ಅಲ್ಲಾಡಿಸಿದರು. "ಲಿಂಗ ಕೊಟ್ಟು ಕೂಡ್ರಿಸೇವಿ ತಮ್ಮಾ. ಯಾರರೆ ಇರಲಿ, ಎಬ್ಬಸಾಕ ಬರೂದಿಲ್ಲ." ಕಾವಲಿಗೆಂದು ಇಬ್ಬರು ಆಗಲೇ ಸ್ಮಶಾನದ ಕಡೆ ಹೊರಟರು.

ಉಳಿದದ್ದು ಚನ್ನವ್ವನ ಮಾತು. ಅವಳು ಹೊಸ್ತಿಲ ಒಳಗೆ ನಿಂತು ಸೋಮಪ್ಪನನ್ನು ಬಹಳ ಹೊತ್ತು ನೋಡಿದಳು. ಗುರುತು ಹಿಡಿದಳು, ಅದರಲ್ಲಿ ಸಂಶಯವಿಲ್ಲ. ಗುರುತು ಸಿಗದವರನ್ನು ಯಾರೂ ಹಾಗೆ ನೋಡುವುದಿಲ್ಲ.

"ಹದಿನಾರು ವರ್ಷ ಈ ಬಾಗಲಕ್ಕ ಅಗಳಿ ಹಾಕಿಲ್ಲ ನಾನು" ಎಂದಳು. "ನನ್ನ ಗಂಡ ಇವತ್ತ ಬಂದ್ರು. ನನ್ನ ಕೈಲೆ ಒರಸಿ ಕಳಿಸೇನಿ. ಈಗ ಮನಸ ಹಗರಾಗೇತಿ. ಇನ್ನೊಂದ ಸಲ ಆ ಸಂಕಟ ನನಗ ಬ್ಯಾಡ್ರಿ."

ಬಾಗಿಲು ಮುಚ್ಚಿತು. ಒಳಗೆ ಅಗಳಿ ಬಿದ್ದ ಸಪ್ಪಳ ಎಲ್ಲರಿಗೂ ಕೇಳಿಸಿತು. ಮುರಿಗೆಪ್ಪನಿಗೆ ತನ್ನ ಪರೀಕ್ಷೆ ಒಂದು ಕ್ಷಣ ಮರೆತೇಹೋಯಿತು.

"ಖರೆ ಐತಿ" ಎಂದ ಸೋಮಪ್ಪ, ಬಾಗಿಲಿಗೆ.

ಕಲ್ಲಪ್ಪ ಮುರಿಗೆಪ್ಪನ ಹೆಗಲ ಮೇಲೆ ಕೈಯಿಟ್ಟ. "ಪುಣೇದಿಂದ ಸೋಮಪ್ಪನ್ನ ತಂದಾಂವ ನೀ. ಸತ್ತಾಂವನ್ನ ನಾವು ಇಟಗೊಂಡೇವಿ. ಬದುಕಿದಾಂವನ್ನ ನೀನ ತಿರಗಿ ಒಯ್ಯಿ. ನ್ಯಾಯ ಅಂದ್ರ ನ್ಯಾಯ." ಊರೆಲ್ಲ ಹೌದೆಂದಿತು. ಚಕ್ಕಡಿ ತಯಾರಾಗಿತ್ತು.

ಘಟಪ್ರಭಾದಲ್ಲಿ ಗಾಡಿ ಹತ್ತಿದ ಮೇಲೆ ಇಬ್ಬರೂ ಎದುರುಬದುರು ಕೂತರು, ನಡುವೆ ಖಾಲಿ ಟ್ರಂಕು. ಮುರಿಗೆಪ್ಪ ನಡೆದದ್ದೆಲ್ಲ ಹೇಳಿ ಮುಗಿಸಿದ ಮೇಲೆ ಸೋಮಪ್ಪ, "ನಾಳಿ ಏನೇನ ಒಪ್ಪಸಬೇಕು?" ಎಂದು ಕೇಳಿದ.

"ತಲಿ, ಬೆನ್ನು, ಪಕ್ಕಡಿ ಎಲುಬು, ಒಂದು ಬಲಗೈ, ಒಂದು ಬಲಗಾಲು" ಎಂದ ಮುರಿಗೆಪ್ಪ.

"ಬಲಗಾಲು ಮುರದಿರಬೇಕ?"

"ಹೂಂ."

"ಮುಂದಿನ ಹಲ್ಲು?"

"ಒಂದ ಇರಬಾರದು."

ಸೋಮಪ್ಪ ಬಾಯಿಗೆ ಪಂಚೆ ಒತ್ತಿ ಕೆಮ್ಮಿದ. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ಹಂಗಾರ ನಂದ ನಡೀತೈತಿ" ಎಂದ. "ಸ್ವಲ್ಪ ತಡೀರಿ ಅಂತ ನಿಮ್ಮ ಮಾಸ್ತರಗ ಹೇಳು. ಭಾಳ ದಿನ ಕಾಯಿಸೂದಿಲ್ಲ."

ಮತ್ತೆ ಟ್ರಂಕಿನ ಮುಚ್ಚಳ ಎತ್ತಿ, ಅಳತೆ ಸರಿ ಹೋದೀತೇ ಎಂದು ನೋಡುವವನ ಹಾಗೆ ಒಳಗೊಮ್ಮೆ ಇಣುಕಿ, ಸೊಟ್ಟಗಾಲನ್ನು ಅದರ ಮೇಲೆ ಚಾಚಿಕೊಂಡು ಕಣ್ಣು ಮುಚ್ಚಿದ.